ಅಪುವಿನ ಛತ್ರಿ

ಪುಟ್ಟಿ,

ನಿನ್ನ ಕಿರುಚಿತ್ರದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಅಜ್ಜಿ ಕಣ್ಣು ಮುಚ್ಚುತ್ತಾಳೆ, ದೇವರ ಮುಂದಿನ ದೀಪ ಆರುತ್ತದೆ, ಗೋಡೆ ಗಡಿಯಾರ ನಿಲ್ಲುತ್ತದೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಆದರೆ ನಾನು ಚಿಕ್ಕವಳಿದ್ದಾಗ ಟೆಂಟಿನಲ್ಲಿ ಸಿನಿಮಾ ನೋಡುವಾಗ, ದೀಪ ಅಲ್ಲಾಡಿದರೆ ಸಾಕು, ಹಿಂದೆ ಕೂತ ಹೆಂಗಸರು "ಮುಗೀತು ಇವಳ ಕಥೆ" ಅಂದುಬಿಡುತ್ತಿದ್ದರು. ಆಗಲೇ ಅದು ಅಷ್ಟು ಹಳೆಯದಾಗಿತ್ತು.

ಹೋದ ವಾರ 'ಪಥೇರ್ ಪಾಂಚಾಲಿ' ಮತ್ತೆ ನೋಡಿದೆ. ಸತ್ಯಜಿತ್ ರೇ ಅವರ 1955ರ ಬಂಗಾಳಿ ಚಿತ್ರ. ಎಲ್ಲರೂ ಅದರ ರೈಲಿನ ಬಗ್ಗೆ ಮಾತಾಡುತ್ತಾರೆ. ಈ ಸಲ ನನ್ನ ಕಣ್ಣಿಗೆ ಬಿದ್ದಿದ್ದು ಒಂದು ಛತ್ರಿ.

ಪುಟ್ಟ ಹುಡುಗ ಅಪುವಿನ ಅಕ್ಕ ದುರ್ಗಾ ಮಳೆಯಲ್ಲಿ ನೆನೆದು, ಜ್ವರ ಬಂದು ಸತ್ತಿದ್ದಾಳೆ. ಅಪ್ಪ ಊರಲ್ಲಿಲ್ಲ. ಅಮ್ಮ ಮಂಕು ಬಡಿದವಳಂತೆ ಇದ್ದಾಳೆ. ಅಪುವಿಗೆ ತಲೆ ಬಾಚಿ ಸ್ಕೂಲಿಗೆ ಹೊರಡಿಸುತ್ತಿದ್ದವರು ಅಮ್ಮ, ಅಕ್ಕ. ಈಗ ಅವನೇ ಹಲ್ಲುಜ್ಜಿ, ತಲೆ ಬಾಚಿ, ಶಾಲು ಹೊದ್ದು, ಕೈಯಲ್ಲಿ ಬಾಟಲಿ ಹಿಡಿದು ಹೊರಡುತ್ತಾನೆ. ಆಕಾಶ ನೋಡುತ್ತಾನೆ. ವಾಪಸ್ ಒಳಗೆ ಹೋಗಿ ಛತ್ರಿ ತರುತ್ತಾನೆ. ಅಷ್ಟೇ. ಒಂದು ಮಾತೂ ಇಲ್ಲ. ಆ ಛತ್ರಿಯ ಅರ್ಥ ಏನು ಅಂತ ನಿಮ್ಮ ಪರೀಕ್ಷೆಯಲ್ಲಿ ಕೇಳಿದರೆ ನೀನು ಎರಡು ಪುಟ ಬರೆಯುತ್ತೀಯ. ನನಗೆ ಮಾತ್ರ, ಅಯ್ಯೋ, ಇಷ್ಟು ಬೇಗ ಈ ಮಗು ಮಳೆಗೆ ಹೆದರುವುದನ್ನು ಕಲಿತುಬಿಟ್ಟಿತಲ್ಲ ಅನ್ನಿಸಿತು.

ಆಮೇಲೆ ಅಪ್ಪ ಬರುತ್ತಾನೆ. ಮಗಳು ಹೋದದ್ದು ಅವನಿಗೆ ಗೊತ್ತಿಲ್ಲ. ತಂದದ್ದನ್ನೆಲ್ಲ ಒಂದೊಂದಾಗಿ ತೋರಿಸುತ್ತಾನೆ. ಲಟ್ಟಣಿಗೆ, ಮಣೆ, ಲಕ್ಷ್ಮಿಯ ಪಟ. ಕೊನೆಗೆ ದುರ್ಗಾಗೆ ಅಂತ ತಂದ ಸೀರೆ. ಅಮ್ಮ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಒಡೆದುಹೋಗುತ್ತಾಳೆ. ಅವಳ ದನಿ ನಮಗೆ ಕೇಳಿಸುವುದಿಲ್ಲ, ಆ ಜಾಗದಲ್ಲಿ ತಾರ್ ಶೆಹನಾಯಿ ಅನ್ನುವ ತಂತಿವಾದ್ಯ ಕೇಳುತ್ತದೆ. ನೋಡು, ಸತ್ಯಜಿತ್ ರೇ ಮೊದಲು ಲಟ್ಟಣಿಗೆ ತೋರಿಸಿದರು. ಇಲ್ಲದವರು ನಾಲ್ಕು ಕಾಸು ಸಿಕ್ಕಿದಾಗ ಪೇಟೆಯಿಂದ ತರುವುದು ಇಂಥವನ್ನೇ ಅಲ್ವಾ? ನೇರವಾಗಿ ಸೀರೆಯೇ ಬಂದಿದ್ದರೆ ನಾವು ಅಳಲು ತಯಾರಾಗಿ ಕೂತಿರುತ್ತಿದ್ದೆವು.

ಮಣಿಸರದ ವಿಷಯ ನಿನಗೆ ಗೊತ್ತೇ ಇದೆ. ಪಕ್ಕದ ಮನೆಯವರ ಸರ ಕದ್ದಿಲ್ಲ ಅಂದಿದ್ದಳು ದುರ್ಗಾ. ಅಮ್ಮನ ಕೈಲಿ ಹೊಡೆತವನ್ನೂ ತಿಂದಳು. ಊರು ಬಿಡುವಾಗ ಅದು ಅಪುವಿನ ಕೈಗೆ ಸಿಗುತ್ತದೆ. ಯಾರಿಗೂ ಹೇಳದೆ ಹೊಂಡಕ್ಕೆ ಎಸೆಯುತ್ತಾನೆ. ಪಾಚಿ ಸರಿದು, ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ. ಅಕ್ಕನ ಮಾನ ಉಳಿಯಿತು.

ಬಂಗಾಳಕ್ಕೇ ಹೋಗಬೇಕಿಲ್ಲ. ನಮ್ಮ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನೆನಪಿಸಿಕೋ. ಸೂಲಗಿತ್ತಿ ಗುಲಾಬಿಗೆ ಸಿಕ್ಕ ಟಿವಿ. ಅದನ್ನು ನೋಡಲು ಊರ ಹೆಂಗಸರು ಅವಳ ಮನೆಗೆ ಬರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಹಿಂದೂ, ಮುಸ್ಲಿಂ ಅಂತ ಊರು ಎರಡಾಗುತ್ತದೆ. ಗುಲಾಬಿ ಮುಸ್ಲಿಂ. ಕೊನೆಗೆ ಗುಲಾಬಿಯನ್ನು ಓಡಿಸುತ್ತಾರೆ, ಟಿವಿ ಅಲ್ಲೇ ಉಳಿಯುತ್ತದೆ. ಅವಳಿದ್ದಾಗ ಹೊಸ್ತಿಲು ತುಳಿಯದ ಮುದುಕಿಯರು ಆಗ ಟಿವಿ ನೋಡಲು ಒಳಗೆ ಹೋಗುತ್ತಾರೆ. ಗುಲಾಬಿಯಾಗಿದ್ದ ಉಮಾಶ್ರೀ ಇಲ್ಲದ ಆ ಮನೆ ನನಗೆ ಇನ್ನೂ ಕಾಡುತ್ತದೆ.

ಈಗ ನಿನ್ನ ಅಜ್ಜಿಯ ವಿಷಯ. ಅವರು ಹೋದಾಗ ನಮ್ಮ ಮನೆಯಲ್ಲಿ ಯಾವ ದೀಪವೂ ಆರಲಿಲ್ಲ. ಗಡಿಯಾರ ಎಂದಿನಂತೆ ಐದು ನಿಮಿಷ ಮುಂದೆ ಓಡುತ್ತಿತ್ತು. ಅವರ ಕಾಫಿಗೆ, ರಾತ್ರಿಯ ಮಜ್ಜಿಗೆಗೆ ಅಂತ ಕಾಲು ಲೀಟರ್ ಹಾಲು ಜಾಸ್ತಿ ತಗೊಳ್ತಿದ್ದೆವು. ಅದನ್ನು ಕಡಿಮೆ ಮಾಡು ಅಂತ ಹಾಲಿನವನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅವನೂ ಕೇಳಲಿಲ್ಲ, ಸುಮ್ನೆ ಹಾಕಿ ಹೋಗುತ್ತಿದ್ದ. ದಿನಾ ಹೆಪ್ಪು ಹಾಕುತ್ತಿದ್ದೆ. ಫ್ರಿಜ್ ತುಂಬ ಮೊಸರು. ಹದಿನೈದನೇ ದಿನವೋ ಏನೋ, ನಿಮ್ಮಪ್ಪ ತಾವೇ ಪಾತ್ರೆ ಹಿಡಿದು ಬಾಗಿಲಿಗೆ ಹೋದರು. ಒಳಗಿದ್ದ ನನಗೆ ಕೇಳಿಸಿದ್ದು ಇಷ್ಟೇ: "ಇವತ್ತಿಂದ ಒಂದೇ ಲೀಟರ್ ಸಾಕು."

ನೀನು ಆಗ ಹಾಸ್ಟೆಲಿನಲ್ಲಿದ್ದೆ, ಇದೆಲ್ಲ ನೋಡಿಲ್ಲ. ಶೂಟಿಂಗಿಗೆ ಬೇಕಾದರೆ ಆ ಪಾತ್ರೆ ಇಲ್ಲೇ ಇದೆ, ತಗೊಂಡು ಹೋಗು. ತಳ ಸ್ವಲ್ಪ ನೆಗ್ಗಿದೆ, ಬಡಿಸಿ ಸರಿ ಮಾಡಿಸಬೇಡ. ಬರುವಾಗ ನನ್ನ ಹಳೇ ಕನ್ನಡಕ ತರೋದು ಮರೀಬೇಡ.

ನಿನ್ನ
ಅಮ್ಮ