ಅಪ್ಪನಿಗೆ ಬರೆದ ಗಿರಣಿಯ ದಾರಿ

ಗ್ಲಾಸ್ಗೋ, ಭಾನುವಾರ

ತೀರ್ಥರೂಪ ಅಪ್ಪನವರಿಗೂ ಅವ್ವನಿಗೂ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನಿಮ್ಮಿಬ್ಬರ ವೀಸಾ ಬಂದಿತೆಂದು ತಮ್ಮ ಹೇಳಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. "ಕೋಟೆ, ಅರಮನೆ ತೋರಿಸಬೇಡ. ಅಲ್ಲೊಂದು ಹಳೆಯ ಗಿರಣಿ ಇದ್ದರೆ ಅದನ್ನು ತೋರಿಸು" ಎಂದಿದ್ದಿರಲ್ಲ ಅಪ್ಪಾ, ಅದಕ್ಕೆಂದೇ ನಿನ್ನೆ ಒಬ್ಬಳೇ ನ್ಯೂ ಲ್ಯಾನಾರ್ಕ್ ಎಂಬ ಹಳೆಯ ಗಿರಣಿಯ ಊರಿಗೆ ಹೋಗಿ ದಾರಿ ನೋಡಿಕೊಂಡು ಬಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಸಾವಕಾಶವಾಗಿ ಓದಿಕೊಳ್ಳಿರಿ ಎಂದು ಬರೆಯುತ್ತಿದ್ದೇನೆ. ಅವ್ವನಿಗೂ ಓದಿ ಹೇಳಿರಿ, ಅವಳ ಮೊಣಕಾಲಿನ ವಿಷಯವೂ ಇದರಲ್ಲಿದೆ.

ಅದು ಥೇಟ್ ನಮ್ಮ ಗೋಕಾಕ ಫಾಲ್ಸ್‌ನ ಹಿರಿಯಕ್ಕ. ನಮ್ಮಲ್ಲಿ ಘಟಪ್ರಭೆ ಧುಮುಕಿದರೆ ಇಲ್ಲಿ ಕ್ಲೈಡ್ ನದಿ ಧುಮುಕುತ್ತದೆ. ಆ ನೀರಿನ ಬಲ ನೋಡಿಯೇ ಡೇವಿಡ್ ಡೇಲ್ ಎಂಬ ವ್ಯಾಪಾರಿ ನೂಲುವ ಯಂತ್ರದ ಆರ್ಕ್‌ರೈಟ್‌ನನ್ನು ಜೊತೆಗೂಡಿಸಿಕೊಂಡು ಇಲ್ಲಿ ಹತ್ತಿಯ ಗಿರಣಿ ಕಟ್ಟಿಸಿದ. 1786ರಲ್ಲಿ ಮೊದಲ ಗಿರಣಿ ನೂಲತೊಡಗಿತು. ಸುಮಾರು ನೂರು ವರ್ಷಗಳ ಮೇಲೆ, 1885ರಲ್ಲಿ, ನಮ್ಮೂರಿನ ಕಂಪನಿ ಹುಟ್ಟಿತು. ಅದರ ಹೆಸರೇ 'ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ' ಎಂದು ಚಿಕ್ಕಂದಿನಲ್ಲಿ ನೀವು ಬಾಯಿಪಾಠ ಮಾಡಿಸಿದ್ದಿರಿ. ಹೆಸರಿನಲ್ಲಿ ನೂಲಿಗಿಂತ ಮೊದಲು ನೀರು ಬರುತ್ತದೆ ನೋಡು ಎನ್ನುತ್ತಿದ್ದಿರಿ. ಇಲ್ಲಿ ನಿಂತಾಗ ಆ ಮಾತೇ ನೆನಪಾಯಿತು.

ಈಗ ದಾರಿ. ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದಲ್ಲಿ ಲ್ಯಾನಾರ್ಕ್ ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ಪ್ರಯಾಣ. ಲ್ಯಾನಾರ್ಕ್ ಆ ಹಳಿಯ ಕೊನೆಯ ನಿಲ್ದಾಣ, ಆದ್ದರಿಂದ ಇಳಿಯುವ ಊರು ದಾಟಿ ಹೋದೀತೆಂಬ ಹೆದರಿಕೆಯಿಲ್ಲ. ನಮ್ಮಲ್ಲಿ 'ಗೋಕಾಕ ರೋಡ್' ಎಂಬ ಹಲಗೆ ನೋಡಿ ಊರೇ ಬಂತೆಂದು ಇಳಿದು, ಕೊಣ್ಣೂರಿನ ಬಿಸಿಲಿನಲ್ಲಿ ಟ್ರಂಕು ಹೊತ್ತು ನಿಂತ ಬೀಗರ ಕತೆ ಇನ್ನೂ ಮನೆಯಲ್ಲಿ ಓಡಾಡುತ್ತಿದೆಯಲ್ಲ, ಇಲ್ಲಿಯೂ ಹಾಗೆಯೇ. ಲ್ಯಾನಾರ್ಕ್ ಬೇರೆ, ನ್ಯೂ ಲ್ಯಾನಾರ್ಕ್ ಬೇರೆ. ಗಿರಣಿಯ ಊರು ಅಲ್ಲಿಂದ ಇನ್ನೂ ಸುಮಾರು ಎರಡು ಕಿಲೋಮೀಟರ್, ಅದೂ ಪೂರ್ತಿ ಇಳಿಜಾರಿನಲ್ಲಿ. ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಬಸ್ ನಿಲ್ದಾಣವಿದೆ, ಅಲ್ಲಿಂದ ಗಿರಣಿಯವರೆಗೆ ಬಸ್ ಹೋಗುತ್ತದೆ.

ನಾನು ಹೋದಾಗ ಬಸ್ ಆಗಷ್ಟೇ ಹೊರಟುಹೋಗಿತ್ತು. ಇನ್ನೊಂದಕ್ಕೆ ಕಾಯದೆ ನಡೆದುಬಿಟ್ಟೆ. ಇಳಿಯುವಾಗ ಸುಖವಾಗಿತ್ತು. ತಿರುವು ದಾಟಿದೊಡನೆ ಮರಗಳ ನಡುವೆ ಕಲ್ಲಿನ ಗಿರಣಿಗಳು, ಸಾಲು ಮನೆಗಳು, ಅದರಾಚೆ ನದಿ ಒಮ್ಮೆಲೇ ಕೆಳಗೆ ಕಾಣಿಸಿದವು. ನಾನು ಅಲ್ಲಿಯೇ ನಿಂತುಬಿಟ್ಟೆ. ಮರಳಿ ಹತ್ತುವಾಗ ಮಾತ್ರ ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ಅವ್ವನನ್ನು ಆ ಏರು ಹತ್ತಿಸುವ ಮಾತೇ ಇಲ್ಲ.

ಕಾರು ಮಾಡಿದರೆ ಹೇಗೆ ಎಂದು ತಮ್ಮ ಕೇಳಿದ್ದ. ಗ್ಲಾಸ್ಗೋದಿಂದ ನಲವತ್ತು ಕಿಲೋಮೀಟರಿನ ಆಸುಪಾಸು, ಎಂ 74 ಹೆದ್ದಾರಿ ಬಿಟ್ಟ ಮೇಲೆ ಕಂದು ಬಣ್ಣದ ಹಲಗೆಗಳೇ ದಾರಿ ತೋರಿಸುತ್ತವೆ. ಆದರೆ ಸಂದರ್ಶಕರ ಕಾರು ನಿಲ್ಲಿಸುವ ಜಾಗ ಗುಡ್ಡದ ಮೇಲಿದೆ, ಅಲ್ಲಿಂದ ನಡೆದೇ ಇಳಿಯಬೇಕು. ಅಂಗವಿಕಲರ ವಾಹನಗಳಿಗೆ ಊರೊಳಗೆ ಜಾಗವಿದೆ. ಬಸ್ ನೇರವಾಗಿ ಊರೊಳಗೆ ಇಳಿಸುತ್ತದೆ. ಆದ್ದರಿಂದ ನನ್ನ ತೀರ್ಮಾನವಾಗಿದೆ: ಬೆಳಗಿನ ರೈಲು, ಆಮೇಲೆ ಬಸ್. ಹಿಂದಿರುಗುವ ಬಸ್ಸಿನ ಸಮಯವನ್ನು ಇಳಿದ ಕೂಡಲೇ ಬರೆದುಕೊಳ್ಳುತ್ತೇನೆ.

ಇಷ್ಟು ಆಳದಲ್ಲಿ ಊರು ಕಟ್ಟಿದ್ದೇಕೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಚಕ್ರ ತಿರುಗಬೇಕಾದರೆ ನೀರು ಮೇಲಿನಿಂದ ಬೀಳಬೇಕು. ನಮ್ಮಲ್ಲಿ ಗಿರಣಿ ದಂಡೆಯ ಮೇಲಿದ್ದು ಪವರ್ ಹೌಸ್ ಮಾತ್ರ ಕಮರಿಯೊಳಗಿದೆ, ಇಲ್ಲಿ ಗಿರಣಿ, ಮನೆ, ಶಾಲೆ, ಅಂಗಡಿ ಎಲ್ಲವೂ ಕೆಳಗೇ. ಊರನ್ನು ಕಟ್ಟಿಸಿದ ನೀರೇ ಇಂದು ನಮ್ಮನ್ನು ಈ ಏರು ಹತ್ತಿಸುತ್ತಿದೆ.

ಒಳಗೆ ನಿಮ್ಮನ್ನು ಮೊದಲು ಮೂರನೆಯ ಗಿರಣಿಗೆ ಕರೆದೊಯ್ಯುತ್ತೇನೆ. ಅಲ್ಲಿ ಮ್ಯೂಲ್ ಎಂಬ ಹಳೆಯ ನೂಲುವ ಯಂತ್ರ ಇಂದಿಗೂ ಉಣ್ಣೆ ನೂಲುತ್ತಿದೆ. ನಿಮ್ಮ ಗಿರಣಿಯ ರಿಂಗ್ ಫ್ರೇಮ್ ಯಂತ್ರದಂತೆ ಒಂದೇ ಕಡೆ ನಿಂತು ನೂಲುವುದಲ್ಲ, ಕದಿರುಗಳ ಸಾಲನ್ನು ಹೊತ್ತ ಗಾಡಿ ಹಳಿಯ ಮೇಲೆ ಮುಂದೆ ಬಂದು ಎಳೆಯನ್ನು ಎಳೆದು ಹುರಿಗೊಳಿಸಿ, ಹಿಂದೆ ಸರಿಯುತ್ತಾ ಸುತ್ತಿಕೊಳ್ಳುತ್ತದೆ. ಅದರ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ರಾತ್ರಿ ಪಾಳಿ ಮುಗಿಸಿ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ನೀವು ಬಾಗಿಲಲ್ಲಿ ನಿಂತಂತಾಯಿತು.

1800ರಲ್ಲಿ ಡೇಲ್‌ನ ಅಳಿಯ ರಾಬರ್ಟ್ ಓವೆನ್ ಗಿರಣಿಯ ಆಡಳಿತ ವಹಿಸಿಕೊಂಡ. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ, ಅವರಿಗಾಗಿ 1816ರಲ್ಲಿ ಶಾಲೆ ತೆರೆದ. ಊರಿನ ಅಂಗಡಿಯಲ್ಲಿ ಒಳ್ಳೆಯ ಮಾಲನ್ನು ಕಡಿಮೆ ಬೆಲೆಗೆ ಮಾರಿಸಿ ಲಾಭವನ್ನು ಶಾಲೆಗೆ ಕೊಟ್ಟ. ಮುಂದೆ ಬಂದ ಸಹಕಾರ ಸಂಘಗಳಿಗೆ ಆ ಅಂಗಡಿಯೇ ದಾರಿ ತೋರಿಸಿತೆನ್ನುತ್ತಾರೆ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಹಕಾರ ಸಂಘದ ಬಗ್ಗೆ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದುದು ನೆನಪಿದೆಯೇ? ಆದರೆ ಓವೆನ್‌ನ ಒಂದು ಏರ್ಪಾಡು ನನಗೆ ಹಿಡಿಸಲಿಲ್ಲ. ಪ್ರತಿ ಕೆಲಸಗಾರನ ಬಳಿ, ನಾಲ್ಕು ಮಗ್ಗುಲಿಗೂ ಬೇರೆ ಬೇರೆ ಬಣ್ಣ ಬಳಿದ ಒಂದು ಕಟ್ಟಿಗೆಯ ತುಂಡು ತೂಗುಹಾಕಿ, ನಿನ್ನೆ ಹೇಗೆ ಕೆಲಸ ಮಾಡಿದನೆಂದು ಎಲ್ಲರಿಗೂ ಕಾಣಿಸುವಂತೆ ತಿರುಗಿಸಿಡುತ್ತಿದ್ದರಂತೆ. ಬಿಳಿ ಅತ್ಯುತ್ತಮ, ಕಪ್ಪು ಅತಿ ಕೆಟ್ಟದು. ಹೊಡೆತ ಬೈಗುಳಕ್ಕಿಂತ ಮೇಲೆಂದು ಒಪ್ಪುತ್ತೇನೆ. ಆದರೂ ದಿನವಿಡೀ ಆ ಕಪ್ಪಿನ ಕೆಳಗೆ ನಿಂತು ದುಡಿದವರನ್ನು ನೆನೆದು ಸಂಕಟವಾಯಿತು. ನೀವು ಏನೆನ್ನುವಿರೋ ಕೇಳಬೇಕು.

1968ರಲ್ಲಿ ಗಿರಣಿ ಮುಚ್ಚಿತು. ಆದರೆ ಜನ ಇಂದಿಗೂ ಆ ಮನೆಗಳಲ್ಲಿ ವಾಸವಾಗಿದ್ದಾರೆ, ಕಿಟಕಿಗಳಲ್ಲಿ ಪರದೆ, ಹೂವಿನ ಕುಂಡ. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಮ್ಮ ಫಾಲ್ಸ್‌ಗೆ ಬರುವವರು 52 ಮೀಟರ್ ಧುಮುಕುವ ನೀರನ್ನು ನೋಡುತ್ತಾರೆ, ತೂಗುಸೇತುವೆಯ ಫೋಟೋ ತೆಗೆದುಕೊಳ್ಳುತ್ತಾರೆ, ಪಕ್ಕದಲ್ಲೇ ನಿಂತ ಗಿರಣಿಯನ್ನು ನೋಡುವುದೇ ಇಲ್ಲ. ಗೋಕಾಕ ರೋಡ್ ನಿಲ್ದಾಣದಲ್ಲಿ ಇಳಿದವರಿಗೆ 'ನೂಲಿನ ಗಿರಣಿಗೆ ದಾರಿ' ಎಂದು ಕನ್ನಡದಲ್ಲಿ ಒಂದು ಕಂದು ಹಲಗೆ ಸಿಗಬೇಕೆಂದು ನನಗೆ ಬಹಳ ಆಸೆ. ಕೊಣ್ಣೂರಿನಿಂದ ಪಾಳಿಗೆ ನಡೆದು ಬರುತ್ತಿದ್ದವರ ಕಾಲುದಾರಿ ಎಲ್ಲಿತ್ತು, ಯಾವ ಬಾಗಿಲಿನಿಂದ ಒಳಗೆ ಬರುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬಿಡಿಸಿಕೊಂಡು ಬನ್ನಿರಿ. ಅದು ನಿಮ್ಮ ಓರಗೆಯವರಿಗಷ್ಟೇ ಗೊತ್ತು.

ಕೋರಾ ಲಿನ್ ಜಲಪಾತದವರೆಗೆ ನದಿಯ ಪಕ್ಕದಲ್ಲಿ ಕಾಲುದಾರಿ ಇದೆ. ಇಲ್ಲಿಯೂ ನೀರನ್ನು 1927ರಿಂದ ವಿದ್ಯುತ್ತಿಗೆ ತಿರುಗಿಸುತ್ತಾರೆ, ನಮ್ಮ ಬೇಸಿಗೆಯ ಫಾಲ್ಸ್‌ನಂತೆ ಕೆಲವು ದಿನ ಬಂಡೆಯೇ ಹೆಚ್ಚು ಕಾಣುತ್ತದೆ. ಅವ್ವನಿಗೆ ಅಷ್ಟು ದೂರ ಆಗದಿದ್ದರೆ ನಾವಿಬ್ಬರೇ ಹೋಗಿ ಬರೋಣ, ಅವಳು ಗಿರಣಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತಿರಲಿ.

ಅಪ್ಪಾ, ದೇವರ ಗೂಡಿನ ಪಕ್ಕದಲ್ಲಿರುವ, ನೂಲು ಸುತ್ತುವ ಕಟ್ಟಿಗೆಯ ಬಾಬಿನ್ ಮರೆಯದೆ ತನ್ನಿರಿ, ಮ್ಯೂಲ್ ನಡೆಸುವವರಿಗೆ ತೋರಿಸೋಣ. ಅವ್ವನಿಗೆ ಬೆಳಗಾವಿಯಲ್ಲಿಯೇ ಒಂದು ಜೊತೆ ಬೂಟು ಕೊಡಿಸಿ, ಹೊರಡುವ ಮೊದಲು ಹದಿನೈದು ದಿನ ಅಂಗಳದಲ್ಲಿ ಹಾಕಿಕೊಂಡು ಓಡಾಡಲು ಹೇಳಿರಿ. ಅಲ್ಲಿನ ಕಲ್ಲುಹಾಸು ಮಳೆಗೆ ಜಾರುತ್ತದೆ, ಮಳೆ ಇಲ್ಲಿ ಕೇಳಿ ಬರುವುದಿಲ್ಲ.

ನಿಮ್ಮ ಮಗಳು