ಕುರಿಗೆ ಒಡೆಯರಿದ್ದಾರೆ, ಮೇವಿನ ನೆಲಕ್ಕೆ ಕಾಗದವಿಲ್ಲ

ಮಾನ್ಯರೇ,

ನಮ್ಮ ಮಂದೆಯ ಕುರಿಗಳೆಲ್ಲ ನಮ್ಮವಲ್ಲ. ಅಣ್ಣನ ಪಾಲಿನವು ಕೆಲವು, ಗಂಡನ ಮನೆಗೆ ಹೋದ ತಂಗಿಯವು ನಾಲ್ಕು. ಕಿವಿಯಂಚಿನ ಕತ್ತರಿ ಗುರುತನ್ನು ಕತ್ತಲಲ್ಲೂ ಬೆರಳಾಡಿಸಿ, ಯಾವುದು ಯಾರದೆಂದು ಅಪ್ಪ ಹೇಳುತ್ತಾರೆ. ಕಳೆದ ವರ್ಷ ಹಟ್ಟಿಯಿಂದ ಆರು ಕುರಿ ಕಳುವಾದಾಗ ಠಾಣೆಯಲ್ಲಿ ಕೇಳಿದ್ದು ರಶೀದಿ. ಮಂದೆಯಲ್ಲೇ ಹುಟ್ಟಿದ ಮರಿಗೆ ರಶೀದಿ ಎಲ್ಲಿಂದ ತರೋಣ?

ನೆಲದ ವಿಚಾರ ಇನ್ನೂ ಕಷ್ಟ. ಗೋಮಾಳಗಳು ಒತ್ತುವರಿಯಾಗಿ, ಬೇರೆ ಉದ್ದೇಶಕ್ಕೆ ಮಂಜೂರಾಗಿ ಕರಗುತ್ತಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಒಪ್ಪಿದೆ, ನಿಜ. ಆದರೆ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷಗಳ ನೆಲೆಯನ್ನು ಸಾಬೀತುಪಡಿಸಬೇಕು. ಮಳೆಗಾಲಕ್ಕೊಂದು ಸೀಮೆ, ಬೇಸಿಗೆಗೊಂದು ಸೀಮೆ ಎಂದು ನಡೆಯುವವರ ಬಳಿ ಯಾವ ದಾಖಲೆ ಇದ್ದೀತು? ನಮ್ಮ ರಾತ್ರಿಯ ಮಂದೆಯ ಗೊಬ್ಬರ ಉಂಡ ಹೊಲಗಳೇ ಸಾಕ್ಷಿ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಸರ್ಕಾರ ಗೋಮಾಳಗಳನ್ನು ಅಳೆಸಿ, ಕುರಿ ಸಾಗುವ ದಾರಿಗಳನ್ನು ಕಂದಾಯ ನಕ್ಷೆಯಲ್ಲಿ ಗುರುತಿಸಲಿ. ಕಳುವಿನ ದೂರಿಗೆ ಕಿವಿಯ ಗುರುತನ್ನೂ ಪುರಾವೆಯಾಗಿ ಒಪ್ಪಲಿ.

– ಕುರಿಗಾರರ ಮಗ, ಗೋಕಾಕ ತಾಲ್ಲೂಕು