ಮಾಗಡಿ ಕೆರೆಯ ಹಕ್ಕಿಗಳ ಲೆಕ್ಕ ಇಡೋಣ

ಮಾನ್ಯರೆ,

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗುವ ನಾವು ಸುಮ್ನೆ ಫೋಟೊ ತೆಗೆದು ಬರುತ್ತೇವೆ, ಕಂಡ ಹಕ್ಕಿಗಳನ್ನು ಬರೆದಿಡುವುದಿಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿನ ನೀರಿನಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅವು ಎಂದು ಬಂದವು, ಎಂದು ಹೊರಟವು ಎಂಬುದು ಹೊಲದ ರೈತರ ಕಣ್ಣಿಗೇ ಮೊದಲು ಬೀಳುತ್ತದೆ, ಅಲ್ವಾ? 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ್ದು ನಮ್ಮೆಲ್ಲರ ಹೆಮ್ಮೆ. ಆದರೆ ವರ್ಷ ವರ್ಷದ ಲೆಕ್ಕ ಇಲ್ಲದಿದ್ದರೆ, ಹಕ್ಕಿಗಳು ಕಡಿಮೆಯಾದರೂ ನಮಗೆ ತಿಳಿಯುವುದಿಲ್ಲ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿಗಳ ಎಣಿಕೆ ನಡೆಯುತ್ತದೆ. 15 ನಿಮಿಷ ನೋಡಿ, ಎಣಿಸಿ, ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಿದರೆ ಸಾಕು. ಶಿರಹಟ್ಟಿ, ಲಕ್ಷ್ಮೇಶ್ವರದ ಶಾಲೆಗಳು ಆ ದಿನಗಳಲ್ಲಿ ಮಕ್ಕಳನ್ನು ಕೆರೆ ದಂಡೆಗೆ ಕರೆತರಲಿ, ಊರಿನ ರೈತರನ್ನೂ ಜೊತೆಗೆ ಕರೆಯಲಿ.

– ಓದುಗ, ಲಕ್ಷ್ಮೇಶ್ವರ